ಒಲೆ ಕಾಣದ ಕಲ್ಲಿದ್ದಲು

ಒಂದು ದೇಶ ಒಂದು ವರ್ಷದಲ್ಲಿ ಸುಟ್ಟ ಕಲ್ಲಿದ್ದಲನ್ನು ಅಲ್ಲಿನ ಜನಸಂಖ್ಯೆಯಿಂದ ಭಾಗಿಸಿದರೆ ಬರುವುದೇ ತಲಾ ಕಲ್ಲಿದ್ದಲು ಬಳಕೆ. ಗಣಿಯಿಂದ ತೆಗೆದದ್ದಕ್ಕೆ ಆಮದನ್ನು ಕೂಡಿಸಿ, ರಫ್ತನ್ನು ಕಳೆದು, ತಲೆಗೆ ಇಷ್ಟು ಎಂದು ಹಂಚುವ ಸರಳ ಲೆಕ್ಕ ಅದು. ಭಾರತದಲ್ಲಿ 1901ರ ಹೊತ್ತಿಗೆ ಈ ಪಾಲು 20 ಕಿಲೋಗಿಂತ ಸ್ವಲ್ಪ ಹೆಚ್ಚಿತ್ತು. ಈಗ ಒಂಬತ್ತು ಕ್ವಿಂಟಲಿನ ಹತ್ತಿರ ಬಂದಿದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ತಾಲ್ಲೂಕುಗಳ ಜನಕ್ಕೂ ಲೆಕ್ಕದ ಪ್ರಕಾರ ಅಷ್ಟೇ ಪಾಲು. ಆದರೆ ಕೃಷ್ಣಾ, ಘಟಪ್ರಭಾ ನದಿಗಳ ದಂಡೆಯ ಈ ಸೀಮೆಯಲ್ಲಿ ಕಲ್ಲಿದ್ದಲು ಮನೆಯ ಒಲೆಗೆ ಎಂದೂ ಇಳಿಯಲಿಲ್ಲ. ಅದು ಬಂದದ್ದು ಬೇರೆ ಬೇರೆ ವೇಷಗಳಲ್ಲಿ. ಮೊದಲು ಬಣ್ಣವಾಗಿ ಮತ್ತು ನೂಲಾಗಿ, ಆಮೇಲೆ ಕರೆಂಟಾಗಿ, ಕಡೆಗೆ ಸಿಮೆಂಟಾಗಿ.

ಇಲ್ಲಿನ ಹಳೆಯ ಇಂಧನವೆಲ್ಲ ಹೊಲದ್ದೇ. ಎರೆಭೂಮಿಯಲ್ಲಿ ಕಾಡು ಕಡಿಮೆ; ಕಟಗಿ ಎಂದರೆ ಹೊಲದ ಬದುವಿನ ಜಾಲಿ, ಬೇವು, ಹತ್ತಿ ಬಿಡಿಸಿದ ಮೇಲೆ ಕಿತ್ತ ಹತ್ತಿಕಟಗಿ, ತೊಗರಿಕಟಗಿ, ಜೋಳ ಕೊಯ್ದ ನಂತರ ನೆಲದಲ್ಲಿ ಉಳಿದ ಕೂಳೆ. ಇವೆಲ್ಲಕ್ಕಿಂತ ಹೆಚ್ಚು ಉರಿದದ್ದು ಕುಳ್ಳು. ಬೇಸಿಗೆಯಲ್ಲಿ ತಟ್ಟಿ ಒಣಗಿಸಿದ ಕುಳ್ಳನ್ನು ಗೋಪುರದಂತೆ ಒಟ್ಟಿ, ಮೇಲೆ ಸಗಣಿ ಸಾರಿಸಿ, ಮಳೆಗಾಲಕ್ಕೆ ಕಾದಿಡುವುದು ಹೆಂಗಸರ ಕೆಲಸ. ಇಡೀ ಮನೆಯ ವರ್ಷದ ಇಂಧನ ಆ ಒಟ್ಟಿಲಿನ ಎತ್ತರದಲ್ಲಿ ಕಾಣುತ್ತಿತ್ತು. ಕಂಬಾರರ ತಿದಿಗೆ ಮಾತ್ರ ಜಾಲಿಯ ಇದ್ದಿಲು ಬೇಕಿತ್ತು, ಏಕೆಂದರೆ ಕುಡಗೋಲು, ಕುಂಟೆಯ ಕುಡ ಕಾಯಿಸುವ ಬಿಸಿ ಕುಳ್ಳಿನಿಂದ ಬರದು. ಈ ಇಂಧನಗಳಿಗೆ ಪೇಟೆಯ ದರ ಇರಲಿಲ್ಲ, ಸರ್ಕಾರದ ದಾಖಲೆಯೂ ಇರಲಿಲ್ಲ. ಹಾಗಾಗಿ ಕಲ್ಲಿದ್ದಲಿನ ಅಂಕಿ ಎಷ್ಟೇ ಕೆಳಗಿದ್ದರೂ ಅದು ಜನರ ಒಟ್ಟು ಉರಿಯ ಲೆಕ್ಕವಲ್ಲ; ಲೆಕ್ಕಕ್ಕೆ ಸಿಕ್ಕ ಉರಿಯ ಲೆಕ್ಕ ಮಾತ್ರ.

ಭಾರತದಲ್ಲಿ ಕಲ್ಲಿದ್ದಲು ಗಣಿಗಾರಿಕೆ 1774ರಲ್ಲಿ ಬಂಗಾಳದ ರಾಣಿಗಂಜ್‌ನಲ್ಲಿ ಶುರುವಾಯಿತು. ಮೊದಲ 80 ವರ್ಷ ಅದು ಕುಂಟುತ್ತಲೇ ಸಾಗಿತು. 1850ರ ದಶಕದಲ್ಲಿ ರೈಲು ಬಂದ ಮೇಲೆ ಗಣಿಗೆ ಗಿರಾಕಿಯೂ ಸಿಕ್ಕಿತು, ಸಾಗಣೆಯೂ ಸಿಕ್ಕಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದೇಶದ ಕಲ್ಲಿದ್ದಲಿನ ಮೂರನೇ ಒಂದು ಭಾಗದಷ್ಟನ್ನು ರೈಲುಗಳೇ ತಿನ್ನುತ್ತಿದ್ದವು. ಆದರೆ ಬಂಗಾಳ, ಬಿಹಾರದ ಗಣಿಗಳಿಂದ ಪಶ್ಚಿಮ ಭಾರತ ದೂರ. ಮುಂಬಯಿಯ ಬಟ್ಟೆ ಗಿರಣಿಗಳಿಗೆ ಬ್ರಿಟನ್ನಿನಿಂದಲೂ ದಕ್ಷಿಣ ಆಫ್ರಿಕಾದ ನಟಾಲ್‌ನಿಂದಲೂ ಹಡಗಿನಲ್ಲಿ ಬಂದ ಕಲ್ಲಿದ್ದಲು ಎಷ್ಟೋ ಸಲ ಅಗ್ಗವಾಗುತ್ತಿತ್ತು. ಕೃಷ್ಣಾ ಸೀಮೆಗೆ ತೀರ ಹತ್ತಿರದ ಗಣಿ ಎಂದರೆ ನಿಜಾಮರ ರಾಜ್ಯದ ಸಿಂಗರೇಣಿ. ಅಲ್ಲಿ ಯೆಲ್ಲಂದು ಬಳಿ 1870ರ ದಶಕದ ಆರಂಭದಲ್ಲಿ ಪದರ ಪತ್ತೆಯಾಗಿ, 1889ರಿಂದ ಗಣಿ ನಡೆಯಿತು. ಕನ್ನಡ ನಾಡಿನ ನೆಲದಡಿಯಲ್ಲಂತೂ ಬಳಸುವಂಥ ಕಲ್ಲಿದ್ದಲೇ ಇಲ್ಲ.

ರೈಲು ಈ ಸೀಮೆಯ ಅಂಚಿಗೆ ಬಂದು ನಿಂತಿತು. ಸದರ್ನ್ ಮರಾಠಾ ರೈಲ್ವೆಯ ಹೋಟಗಿ–ಗದಗ ಮೀಟರ್‌ಗೇಜ್ ಮಾರ್ಗ 1884ರ ಹೊತ್ತಿಗೆ ವಿಜಯಪುರ, ಬಾಗಲಕೋಟೆಗಳನ್ನು ಮುಟ್ಟಿತು. ಪಶ್ಚಿಮದಲ್ಲಿ ಮೀರಜ್ ಕಡೆಯಿಂದ ಬೆಳಗಾವಿಗೆ ಹೋಗುವ ಮಾರ್ಗ ಕುಡಚಿಯಲ್ಲಿ ಕೃಷ್ಣೆಯನ್ನು ದಾಟಿತು. ನಡುವಿನ ನೆಲ ಹಲವು ಒಡೆತನಗಳಲ್ಲಿ ಹರಿದು ಹಂಚಿಹೋಗಿತ್ತು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದು, ಬೀಳಗಿ ಬ್ರಿಟಿಷರ ವಿಜಯಪುರ ಜಿಲ್ಲೆಯಲ್ಲಿದ್ದದ್ದು. ರೈಲು ದಾರಿ ಈ ಸಂಸ್ಥಾನಗಳ ಪೇಟೆಗಳನ್ನು ಎರಡೂ ಬದಿಯಲ್ಲಿ ಬಿಟ್ಟು ಹೋಯಿತು. ಭಾರದ ಸರಕು ಚಕ್ಕಡಿಯಲ್ಲೇ ಸಾಗಬೇಕು. ಚಕ್ಕಡಿಯ ಬಾಡಿಗೆ ಹತ್ತಿ, ನೂಲು, ಬೆಲ್ಲಕ್ಕೆ ಗಿಟ್ಟುತ್ತದೆ. ಉರಿಸಿ ಬೂದಿ ಮಾಡುವ ಕಲ್ಲಿಗೆ ಗಿಟ್ಟುವುದಿಲ್ಲ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗುವವರೆಗೂ, ಆಮೇಲೆ ಬಹುಕಾಲವೂ, ಈ ಊರುಗಳಲ್ಲಿ ಉಗಿ ಯಂತ್ರದ ದೊಡ್ಡ ಉದ್ಯಮ ಬೆಳೆಯದಿರಲು ಇದೊಂದು ಮುಖ್ಯ ಕಾರಣ.

ಕಲ್ಲಿದ್ದಲಿಲ್ಲದ ಕೊರತೆಯನ್ನು ನೀರಿನಿಂದ ತುಂಬಿಕೊಂಡ ಉದಾಹರಣೆ ಪಕ್ಕದಲ್ಲೇ ಇದೆ. ಮುಧೋಳದ ಮೂಲಕ ಹರಿಯುವ ಘಟಪ್ರಭೆ ಮೇಲೆ ಗೋಕಾಕಿನಲ್ಲಿ ಧುಮುಕುತ್ತದೆ. ಆ ಧುಮುಕನ್ನು ನಂಬಿಯೇ 1885ರ ಸುಮಾರಿಗೆ ಗೋಕಾಕದ ನೂಲಿನ ಗಿರಣಿ ಹುಟ್ಟಿತು. ಅದರ ಯಂತ್ರಗಳನ್ನು ತಿರುಗಿಸಿದ್ದು ಜಲಪಾತದ ನೀರು. ಮೈಸೂರು ಸಂಸ್ಥಾನವೂ ಇದೇ ದಾರಿ ಹಿಡಿಯಿತು. ಕೋಲಾರದ ಚಿನ್ನದ ಗಣಿಗೆ ಬೇಕಾದ ಶಕ್ತಿಯನ್ನು 1902ರಲ್ಲಿ ಶಿವನಸಮುದ್ರದಿಂದ ತಂತಿಯಲ್ಲಿ ತಂದರು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆಗೆ ಹಾಕಿದ್ದು ಕಲ್ಲಿದ್ದಲಿನ ಕೋಕ್ ಅಲ್ಲ, ಮಲೆನಾಡಿನ ಕಾಡಿನ ಮರ ಸುಟ್ಟು ಮಾಡಿದ ಇದ್ದಿಲು. ಬೇರೆ ಕಡೆ ಕೈಗಾರಿಕೆ ಎಂದರೆ ಕಲ್ಲಿದ್ದಲು ಎಂದಿದ್ದ ಕಾಲದಲ್ಲಿ ಕನ್ನಡ ನಾಡು ಅದಿಲ್ಲದೆಯೇ ಕೈಗಾರಿಕೆ ಕಟ್ಟಲು ಹೊರಟಿತ್ತು. ಅದರ ಬೆಲೆಯನ್ನು ಕಾಡು ತೆತ್ತಿತು ಎಂಬುದು ಬೇರೆ ಮಾತು.

ರಬಕವಿ, ಬನಹಟ್ಟಿಗಳಿಗೆ ಕಲ್ಲಿದ್ದಲು ಮೊದಲು ಬಂದದ್ದು ಬಣ್ಣದ ಡಬ್ಬಿಯಲ್ಲಿ ಎಂದರೆ ವಿಚಿತ್ರವಾಗಿ ಕೇಳಿಸಬಹುದು. ಈ ಭಾಗದ ಸೀರೆಯ ಕೆಂಪು ಬಣ್ಣಕ್ಕೆ ಹಿಂದೆ ಸುರಂಜಿ, ಅಂದರೆ ಮಡ್ಡಿ ಗಿಡದ ಬೇರು ಬೇಕಿತ್ತು. ಆಗಿನ ಕಲಾದಗಿ ಜಿಲ್ಲೆಯಲ್ಲಿ ಅದನ್ನು ಹೊಲದಲ್ಲಿ ಬೆಳೆಯುತ್ತಿದ್ದರು. ಗಿಡ ನೆಟ್ಟು ಎರಡು ಮೂರು ವರ್ಷ ಕಾದು, ಆಳವಾಗಿ ಅಗೆದು ಬೇರು ಕೀಳಬೇಕು; ಎಣ್ಣೆ, ಕ್ಷಾರಗಳಲ್ಲಿ ನೂಲನ್ನು ಹಲವು ದಿನ ಹದ ಮಾಡಬೇಕು. 1869ರ ಸುಮಾರಿಗೆ ಜರ್ಮನಿಯ ರಸಾಯನಶಾಸ್ತ್ರಜ್ಞರು ಅದೇ ಜಾತಿಯ ಕೆಂಪನ್ನು, ಅಲಿಜರಿನ್ ಎಂಬುದನ್ನು, ಕಲ್ಲಿದ್ದಲಿನ ಡಾಂಬರಿನಿಂದ ತೆಗೆದರು. 1897ರಲ್ಲಿ ಡಾಂಬರಿನಿಂದಲೇ ನೀಲಿಯೂ ಬಂತು. ವಿಲಾಯಿತಿ ಬಣ್ಣ ಹಗುರ, ಅಗ್ಗ, ಕೆಲಸವೂ ಬೇಗ. ಒಂದೇ ತಲೆಮಾರಿನಲ್ಲಿ ಸುರಂಜಿಯ ಹೊಲಗಳು ಕಾಣೆಯಾದವು. ನೂಲಿನ ಕಥೆಯೂ ಹೀಗೆಯೇ. 1870ರ ದಶಕದಲ್ಲಿ ಸೊಲ್ಲಾಪುರದಲ್ಲಿ ಉಗಿಯ ಗಿರಣಿ ಎದ್ದಿತು, ಮುಂಬಯಿಯಲ್ಲಿ ಆಗಲೇ ಹಲವಿದ್ದವು. ಕುಣಿಮಗ್ಗದಲ್ಲಿ ಕೂತ ನೇಕಾರ ಕೈಯಿಂದಲೇ ಲಾಳಿ ಹೊಡೆಯುತ್ತಿದ್ದ, ಆದರೆ ಅವನ ಹಾಸು ಹೊಕ್ಕುಗಳಲ್ಲಿ ಗಿರಣಿ ನೂಲು ಸೇರಿತ್ತು. ಕೈಮಗ್ಗವೆಂದು ನಾವು ಕರೆಯುವ ಬಟ್ಟೆಯಲ್ಲಿ ಸುಟ್ಟ ಕಲ್ಲಿದ್ದಲಿನ ಪಾಲು ಆಗಲೇ ಅಡಗಿತ್ತು. ತಲಾ ಬಳಕೆಯ ಲೆಕ್ಕ ಇಂಥದ್ದನ್ನು ಗಿರಣಿಯ ಊರಿಗೆ ಬರೆಯುತ್ತದೆಯೇ ಹೊರತು ಸೀರೆ ಉಡುವ ಊರಿಗಲ್ಲ.

ದೇಶದ ಅಂಕಿಗಳ ಏರಿಕೆ ಸಮನಾದದ್ದಲ್ಲ. 1901ರಲ್ಲಿ 29 ಕೋಟಿ ಜನಕ್ಕೆ ತೆಗೆದದ್ದು 60–70 ಲಕ್ಷ ಟನ್. 1951ರ ಹೊತ್ತಿಗೆ 36 ಕೋಟಿ ಜನಕ್ಕೆ ಸುಮಾರು ಮೂರೂವರೆ ಕೋಟಿ ಟನ್, ಅಂದರೆ ತಲೆಗೆ 100 ಕಿಲೋಗೆ ತುಸು ಕಡಿಮೆ. ಮುಂದಿನ 20 ವರ್ಷದಲ್ಲಿ ಉತ್ಪಾದನೆ ಇಮ್ಮಡಿಯಾಯಿತು, ಆದರೆ ಜನಸಂಖ್ಯೆಯೂ ಬೆಳೆದದ್ದರಿಂದ ತಲಾ ಪಾಲು 130 ಕಿಲೋ ದಾಟಿದರೆ ಹೆಚ್ಚು. 1971ರಿಂದ 1973ರವರೆಗೆ ಗಣಿಗಳ ರಾಷ್ಟ್ರೀಕರಣವಾಯಿತು, 1975ರಲ್ಲಿ ಕೋಲ್ ಇಂಡಿಯಾ ಬಂತು. ಅಲ್ಲಿಂದಾಚೆಗೆ ಕಲ್ಲಿದ್ದಲಿನ ಮುಖ್ಯ ಗಿರಾಕಿ ರೈಲಲ್ಲ, ವಿದ್ಯುತ್ ಸ್ಥಾವರ. 2001ರಲ್ಲಿ ತಲಾ 320 ಕಿಲೋ, 2011ರಲ್ಲಿ ಸುಮಾರು 500 ಕಿಲೋ. 2023–24ರಲ್ಲಿ ದೇಶದ ಗಣಿಗಳು ಸುಮಾರು 99.8 ಕೋಟಿ ಟನ್ ಕೊಟ್ಟವು, ಹೊರಗಿನಿಂದ 26 ಕೋಟಿ ಟನ್ನಿನಷ್ಟು ಬಂತು. ಹಾಗಾಗಿ ತಲೆಗೆ 850–900 ಕಿಲೋ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿಯ ಅಂಶವೇ ಮೂರರಲ್ಲಿ ಒಂದು ಪಾಲಿಗೂ ಹೆಚ್ಚಿರುತ್ತದೆ ಎಂಬುದನ್ನು ಮರೆಯಬಾರದು. ಒಂದು ಟನ್ ವಿದೇಶಿ ಕಲ್ಲಿದ್ದಲು ಕೊಡುವ ಕಾವನ್ನು ಒಂದು ಟನ್ ದೇಸಿ ಕಲ್ಲಿದ್ದಲು ಕೊಡುವುದಿಲ್ಲ. ಬ್ರಿಟನ್ನಿನಲ್ಲಿ ಮೊದಲ ಮಹಾಯುದ್ಧದ ಮುನ್ನ ಇದೇ ಪಾಲು ತಲೆಗೆ ನಾಲ್ಕು ಟನ್ ಮೀರಿತ್ತು, ಅದರಲ್ಲಿ ಒಂದು ಪಾಲು ಮನೆಯ ಅಗ್ಗಿಷ್ಟಿಕೆಗಳಲ್ಲೇ ಉರಿಯುತ್ತಿತ್ತು. ಆ ದೇಶದ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಏರಿ ಇಳಿದ ಅವರ ಗೆರೆ ಮುಗಿಯುವಾಗ ಭಾರತದ ಗೆರೆ ಇನ್ನೂ ಏರುತ್ತಿದೆ, ಆದರೆ ಅವರ ನೆತ್ತಿಯ ನಾಲ್ಕನೇ ಒಂದು ಭಾಗವನ್ನೂ ಮುಟ್ಟಿಲ್ಲ.

ಕರ್ನಾಟಕದ ಗೆರೆ ದೇಶದ ಗೆರೆಗಿಂತ ತಡವಾಗಿ ಎದ್ದಿತು. ಜೋಗ, ಶರಾವತಿ, ಆಮೇಲೆ ಕಾಳಿ ನದಿಯ ನೀರಿನ ಮೇಲೆ ನಿಂತ ರಾಜ್ಯ 1980ರ ದಶಕದ ತನಕ ಹೆಚ್ಚುಕಡಿಮೆ ಪೂರ್ತಿ ಜಲವಿದ್ಯುತ್ತನ್ನೇ ಉತ್ಪಾದಿಸುತ್ತಿತ್ತು. ಮಳೆ ಕೈಕೊಟ್ಟ ವರ್ಷ ಕರೆಂಟೂ ಕೈಕೊಡುತ್ತಿತ್ತು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ 210 ಮೆಗಾವಾಟ್‌ನ ಮೊದಲ ಘಟಕ ಉರಿಯಿತು. ಕೃಷ್ಣೆಯ ನೀರು, ಸಿಂಗರೇಣಿ ಮತ್ತು ಒಡಿಶಾದ ಕಲ್ಲಿದ್ದಲು. ಸ್ಥಾವರ ಬೆಳೆದು 1,720 ಮೆಗಾವಾಟ್ ಆಯಿತು. ಜಮಖಂಡಿಯ ಹೊಲದ ಪಂಪಿಗೂ ಬನಹಟ್ಟಿಯ ಮಗ್ಗಕ್ಕೂ ಕಲ್ಲಿದ್ದಲು ತಂತಿಯ ಮೂಲಕ ತಲುಪಿದ್ದು ಅಂದಿನಿಂದ.

ಪಂಪಿನ ಕಥೆ ಇಲ್ಲಿ ಸಣ್ಣದಲ್ಲ. ಕೃಷ್ಣೆ ಹರಿಯುತ್ತಿದ್ದರೂ ದಂಡೆಯ ಹೊಲ ಎತ್ತರದಲ್ಲಿದ್ದು ನೀರು ಏರುತ್ತಿರಲಿಲ್ಲ; ಬೇಸಿಗೆಯಲ್ಲಿ ನದಿಯೇ ಬತ್ತುತ್ತಿತ್ತು. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಸ್ವಂತ ದುಡ್ಡು, ಸ್ವಂತ ದುಡಿಮೆ ಹಾಕಿ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರಾಯಿತು, ನ್ಯಾಮಗೌಡರಿಗೆ ಬ್ಯಾರೇಜ್ ಸಿದ್ದು ಎಂಬ ಹೆಸರು ಬಂತು. ನೀರು ನಿಂತ ಮೇಲೆ ದಂಡೆಯುದ್ದಕ್ಕೂ ಮೋಟರು, ಪೈಪ್‌ಲೈನು. ಐದು ಅಶ್ವಶಕ್ತಿಯ ಒಂದು ಪಂಪು ಆರು ತಾಸು ನಡೆದರೆ 22 ಯೂನಿಟ್ ಆಸುಪಾಸು ಕರೆಂಟು ಬೇಕು. ಅದೆಲ್ಲ ಕಲ್ಲಿದ್ದಲಿನಿಂದಲೇ ಬಂದದ್ದಾದರೆ ಸ್ಥಾವರದಲ್ಲಿ 15 ಕಿಲೋ ಸುಡಬೇಕಾಗುತ್ತದೆ. ಹತ್ತು ಅಶ್ವಶಕ್ತಿವರೆಗಿನ ಪಂಪುಗಳಿಗೆ ರಾಜ್ಯದಲ್ಲಿ ಕರೆಂಟು ಉಚಿತ. ಆದ್ದರಿಂದ ಆ 15 ಕಿಲೋ ರೈತನ ಕಣ್ಣಿಗೂ ಬೀಳುವುದಿಲ್ಲ, ಅವನ ಬಿಲ್ಲಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ತ್ರೀಫೇಸ್ ಕರೆಂಟು ಬರುವ ಹೊತ್ತು ಮಾತ್ರ. ಅದಕ್ಕಾಗಿ ಎಷ್ಟೋ ರಾತ್ರಿ ಹೊಲದಲ್ಲೇ ಕಳೆದಿವೆ.

ಮಗ್ಗದ ಊರುಗಳಲ್ಲಿ ಬದಲಾವಣೆ ಕಿವಿಗೇ ಕೇಳಿಸುತ್ತದೆ. ರಬಕವಿ, ಬನಹಟ್ಟಿಯ ಓಣಿಗಳಲ್ಲಿ ಕುಣಿಮಗ್ಗದ ಜಾಗಕ್ಕೆ ಪವರ್‌ಲೂಮ್ ಬಂದಂತೆ ಮನೆಯ ಪಡಸಾಲೆಯೇ ಕಾರ್ಖಾನೆಯಾಯಿತು. ಖಟಖಟ ಸದ್ದು ನಿಂತಿತೆಂದರೆ ಲೈನ್ ಹೋಗಿದೆ ಎಂದೇ ಅರ್ಥ. ಒಂದು ಮಗ್ಗದ ಮೋಟರು ತಿನ್ನುವ ಕರೆಂಟು ಪಂಪಿಗೆ ಹೋಲಿಸಿದರೆ ಸಣ್ಣದು. ಆದರೆ ನೇಕಾರನ ಕೂಲಿ ಎಣಿಸುವುದು ಸೀರೆಗೆ, ಸೀರೆ ನಿಲ್ಲುವುದು ಕರೆಂಟಿಗೆ. ಆದ್ದರಿಂದ ದೂರದ ಸ್ಥಾವರದಲ್ಲಿ ಕಲ್ಲಿದ್ದಲು ತೀರಿದ ಸುದ್ದಿ ಇಲ್ಲಿ ಒಲೆಯ ಸುದ್ದಿಯಾಗುತ್ತದೆ.

ಈ ಸೀಮೆಯ ಸ್ವಂತ ಕಲ್ಲಿದ್ದಲು ಎನ್ನಬಹುದಾದದ್ದು ಕಬ್ಬಿನ ಸಿಪ್ಪೆ. ಗಾಣದ ಕಾಲದಿಂದಲೂ ಅದು ಇಂಧನವೇ. ಎತ್ತಿನ ಗಾಣದಲ್ಲಿ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರಡಿ, ಒಣಗಿದ್ದನ್ನು ಕೊಪ್ಪರಿಗೆಯ ಒಲೆಗೆ ತಳ್ಳುತ್ತಿದ್ದರು; ಸಾಲದ ಹೊತ್ತಿಗೆ ರವದಿ, ಅಂದರೆ ಕಬ್ಬಿನ ಒಣಗರಿ ಸೇರಿಸುತ್ತಿದ್ದರು. ಕಬ್ಬು ತನ್ನ ಹಾಲನ್ನು ತಾನೇ ಕಾಯಿಸಿಕೊಂಡು ಬೆಲ್ಲವಾಗುವ ಈ ಏರ್ಪಾಡಿಗೆ ಹೊರಗಿನ ಇಂಧನವೇ ಬೇಡ. ಮಹಾಲಿಂಗಪುರದ ಬೆಲ್ಲದ ಪೇಟೆ ದೂರದವರೆಗೆ ಹೆಸರಾದದ್ದು ಅದೇ ಒಲೆಗಳಿಂದ. ಘಟಪ್ರಭಾ ಕಾಲುವೆ, ಬ್ಯಾರೇಜು, ಪಂಪುಗಳಿಂದ ಕಬ್ಬಿನ ಹೊಲ ಹಬ್ಬಿದ ಮೇಲೆ ಸಕ್ಕರೆ ಕಾರ್ಖಾನೆಗಳು ಎದ್ದವು. ಮಹಾಲಿಂಗಪುರದ ಹತ್ತಿರ ಸಮೀರವಾಡಿ, ಮುಧೋಳದ ಬಳಿ ತಿಮ್ಮಾಪುರದಲ್ಲಿ ಕವಿ ರನ್ನನ ಹೆಸರು ಹೊತ್ತ ರನ್ನನಗರದ ರೈತರ ಸಹಕಾರಿ ಕಾರ್ಖಾನೆ, ಜಮಖಂಡಿ ತಾಲ್ಲೂಕಿನ ಸಿದ್ದಾಪುರ, ಹೀಗೆ ಒಂದರ ಹಿಂದೆ ಒಂದು. ಮೊದಮೊದಲು ಕಾರ್ಖಾನೆಗೆ ಸಿಪ್ಪೆ ಹೊರೆಯೇ ಆಗಿತ್ತು. ಕಡಿಮೆ ಒತ್ತಡದ ಬಾಯ್ಲರುಗಳಲ್ಲಿ ಅದನ್ನು ಹೇಗೋ ಸುಟ್ಟು ಮುಗಿಸುತ್ತಿದ್ದರು; ಉಳಿದದ್ದು ಗುಡ್ಡವಾಗಿ ಬೀಳುತ್ತಿತ್ತು.

1990ರ ದಶಕದಲ್ಲಿ ಲೆಕ್ಕ ಬದಲಾಯಿತು. ಅಧಿಕ ಒತ್ತಡದ ಬಾಯ್ಲರಿನಲ್ಲಿ ಸಿಪ್ಪೆ ಸುಟ್ಟರೆ ಸಕ್ಕರೆ ಕುದಿಸುವ ಉಗಿಯ ಜೊತೆಗೆ ಮಾರುವಷ್ಟು ಕರೆಂಟೂ ಸಿಗುತ್ತದೆ. ಇದಕ್ಕೆ ಸಹವಿದ್ಯುತ್ ಎಂದು ಹೆಸರು, ಕಾರ್ಖಾನೆಯವರ ಬಾಯಲ್ಲಿ ಕೋಜನ್. 2003ರ ವಿದ್ಯುತ್ ಕಾಯ್ದೆ ಖಾಸಗಿಯವರ ಮಾರಾಟಕ್ಕೆ ದಾರಿ ಅಗಲ ಮಾಡಿದ ಮೇಲೆ ಸಿಪ್ಪೆಯನ್ನು ಬಗ್ಯಾಸ್ ಎಂದು ಕರೆದು ತೂಕ ಹಾಕತೊಡಗಿದರು. ಒಂದು ಟನ್ ಕಬ್ಬಿಗೆ 280 ಕಿಲೋ ಆಸುಪಾಸು ಹಸಿ ಬಗ್ಯಾಸ್ ಬರುತ್ತದೆ. ಎಕರೆಗೆ 40 ಟನ್ ಬೆಳೆದ ಹೊಲದಿಂದ 11 ಟನ್. ಕಾವಿನಲ್ಲಿ ಅದು ಆರೇಳು ಟನ್ ದೇಸಿ ಕಲ್ಲಿದ್ದಲಿಗೆ ಸಮ. ದೇಶದ ತಲಾ ಪಾಲಿನಲ್ಲಿ ಅಳೆದರೆ ಒಂದು ಎಕರೆ ಕಬ್ಬು ಏಳೆಂಟು ಜನರ ಕಲ್ಲಿದ್ದಲನ್ನು ಕೊಟ್ಟಂತಾಯಿತು. ಆದರೆ ಕಬ್ಬಿನ ತೂಕಕ್ಕೆ ರೈತನಿಗೆ ಕೊಡುವ ದರದ ಸೂತ್ರ ಮುಖ್ಯವಾಗಿ ಸಕ್ಕರೆಯ ಇಳುವರಿಯನ್ನು ನೋಡುತ್ತದೆ. ಕರೆಂಟಿನ ಲಾಭದಲ್ಲೂ ತಮಗೆ ಪಾಲು ಬೇಕೆಂಬ ರೈತರ ಬೇಡಿಕೆ ಪ್ರತಿ ಹಂಗಾಮಿಗೂ ಏಳುವುದು ಅನ್ಯಾಯವೇನಲ್ಲ.

ಸಿಪ್ಪೆಗೂ ಒಂದು ಮಿತಿ ಇದೆ. ಕಬ್ಬು ನುರಿಸುವ ಹಂಗಾಮು ನವೆಂಬರಿನ ಹೊತ್ತಿಗೆ ಶುರುವಾಗಿ ಬೇಸಿಗೆಯ ಮುನ್ನ ಮುಗಿಯುತ್ತದೆ; ಉಳಿಸಿದ ಬಗ್ಯಾಸ್ ಮಳೆಗೆ ಕೊಳೆಯುತ್ತದೆ, ಬಿಸಿಲಿಗೆ ಹೊತ್ತಿಕೊಳ್ಳುತ್ತದೆ. ಹಂಗಾಮು ಇಲ್ಲದಾಗ ಇದೇ ಬಾಯ್ಲರಿಗೆ ಕಲ್ಲಿದ್ದಲು ಹಾಕುವುದುಂಟು. ಎಥೆನಾಲ್ ಘಟಕಗಳ ಹೊಲಸು ನೀರನ್ನು ಸುಡುವ ಬಾಯ್ಲರುಗಳಿಗೂ ಜೊತೆ ಇಂಧನ ಬೇಕು. ಹೀಗೆ ಕಲ್ಲಿದ್ದಲನ್ನು ದೂರ ಇಟ್ಟ ಕಬ್ಬಿನ ಉದ್ಯಮವೇ ಅದನ್ನು ಲಾರಿಯಲ್ಲಿ ತಾಲ್ಲೂಕಿಗೆ ತರಿಸಿತು.

ಮುಧೋಳ ತಾಲ್ಲೂಕಿಗೆ ಕಲ್ಲಿದ್ದಲು ನೇರವಾಗಿ, ದೊಡ್ಡ ಪ್ರಮಾಣದಲ್ಲಿ ಬಂದದ್ದು ಸುಣ್ಣದ ಕಲ್ಲಿನಿಂದ. ಲೋಕಾಪುರ, ಕಲಾದಗಿ, ಬಾಗಲಕೋಟೆ ಸುತ್ತ ಹರಡಿದ ಈ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟು ಸುಣ್ಣ ಮಾಡುವುದು ಹಳೆಯ ಕಸುಬು. 1950ರ ದಶಕದಲ್ಲಿ ಬಾಗಲಕೋಟೆಯಲ್ಲಿ ಸಿಮೆಂಟ್ ಕಾರ್ಖಾನೆ ಬಂತು. 2009ರಲ್ಲಿ ಮುಧೋಳ ತಾಲ್ಲೂಕಿನ ಮುದ್ದಾಪುರದಲ್ಲಿ ಜೆ.ಕೆ. ಸಿಮೆಂಟ್ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದ ಘಟಕ ತೆರೆಯಿತು. ಸುಣ್ಣದ ಕಲ್ಲನ್ನು 1,400 ಡಿಗ್ರಿಗೂ ಮೇಲೆ ಕಾಯಿಸಿದರೇ ಕ್ಲಿಂಕರ್, ಅಂದರೆ ಅರೆದು ಸಿಮೆಂಟ್ ಮಾಡುವ ಗಟ್ಟಿ, ಆಗುವುದು. ಕುಳ್ಳು, ಸಿಪ್ಪೆಗಳ ಉರಿ ಅಲ್ಲಿಗೆ ಮುಟ್ಟದು. ಒಂದು ಟನ್ ಕ್ಲಿಂಕರಿಗೆ ಕಲ್ಲಿದ್ದಲಿನ ಗುಣ ನೋಡಿ ಒಂದೂವರೆಯಿಂದ ಎರಡು ಕ್ವಿಂಟಲ್ ಬೇಕು. ಕಲ್ಲಿದ್ದಲಿನ ಬದಲು ಕಚ್ಚಾತೈಲದ ಶೇಷವಾದ ಪೆಟ್‌ಕೋಕ್ ಸುಡುವುದೂ ಉಂಟು. ಹೊಸ ಮನೆಯ ಸ್ಲ್ಯಾಬಿನಲ್ಲಿ ಆ ಉರಿಯ ಒಂದು ಪಾಲು ಗಟ್ಟಿಯಾಗಿ ಕೂತಿರುತ್ತದೆ.

ಬೀಳಗಿಗೆ ಈ ಚರಿತ್ರೆ ಬೇರೆ ರೀತಿಯಲ್ಲಿ ತಾಗಿತು. ಆಲಮಟ್ಟಿ ಜಲಾಶಯದ ಹಿನ್ನೀರು ತಾಲ್ಲೂಕಿನ ಎಷ್ಟೋ ಹಳ್ಳಿಗಳನ್ನು ನುಂಗಿತು; ಊರುಗಳು ಪುನರ್ವಸತಿ ಕೇಂದ್ರಗಳಾಗಿ ದಿಬ್ಬ ಹತ್ತಿದವು. ಅಣೆಕಟ್ಟಿನ ಬುಡದಲ್ಲಿ 290 ಮೆಗಾವಾಟ್‌ನ ಜಲವಿದ್ಯುತ್ ಕೇಂದ್ರವಿದೆ. ಅದೇ ನೀರನ್ನು ನಂಬಿ ಆಚೆ ದಂಡೆಯ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿ 800 ಮೆಗಾವಾಟ್‌ನ ಮೂರು ಘಟಕಗಳನ್ನು ಕಟ್ಟಿತು. 2014ರ ಜುಲೈನಲ್ಲಿ ಅಲ್ಲಿ ಸ್ಥಾವರದ ವಿರುದ್ಧ ರೈತರು ಪ್ರತಿಭಟಿಸಿದಾಗ ಗೋಲಿಬಾರ್ ನಡೆಯಿತು. 2017 ಮತ್ತು 2018ರಲ್ಲಿ ಮೂರೂ ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಪೂರ್ಣ ಹೊರೆಯಲ್ಲಿ ನಡೆದ ದಿನ ಈ ಸ್ಥಾವರಕ್ಕೆ 30,000 ಟನ್ನಿಗೂ ಹೆಚ್ಚು ಕಲ್ಲಿದ್ದಲು ಬೇಕು, ಅಂದರೆ ಎಂಟೊಂಬತ್ತು ಗೂಡ್ಸ್ ರೈಲು. ಸಂಸ್ಥಾನ ಕಾಲದಲ್ಲಿ ಚಕ್ಕಡಿಗೆ ಗಿಟ್ಟದ ಸರಕು ಈಗ ನದಿಯ ಆಚೆ ಗುಡ್ಡದಂತೆ ರಾಶಿ ಬೀಳುತ್ತದೆ. ಸ್ಥಾವರ ನಿಲ್ಲುವ, ನಡೆಯುವ ತೀರ್ಮಾನ ಮಾತ್ರ ಗಾಳಿ, ಬಿಸಿಲುಗಳ ಕೈಗೂ ಹೋಗಿದೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್, ಗದಗ ಮತ್ತು ಚಿತ್ರದುರ್ಗದ ಗಾಳಿಯಂತ್ರಗಳು ರಾಜ್ಯದ ಜಾಲಕ್ಕೆ ಸೇರಿದ ಮೇಲೆ ಮಳೆಗಾಲದ ಗಾಳಿ ಬೀಸುವ ತಿಂಗಳುಗಳಲ್ಲಿ ಉಷ್ಣ ಸ್ಥಾವರಗಳು ಕಡಿಮೆ ಉರಿಯುತ್ತವೆ, ಬೇಸಿಗೆಯಲ್ಲಿ ಪಂಪು, ಫ್ಯಾನುಗಳ ಹೊರೆ ಏರಿದಾಗ ಮತ್ತೆ ಭುಗಿಲೇಳುತ್ತವೆ.

ಆ ಕಲ್ಲಿದ್ದಲು ಕೂಡಗಿಗೆ ಬರುವುದು 1884ರಲ್ಲಿ ಹಾಕಿದ ಅದೇ ಹೋಟಗಿ–ಗದಗ ದಾರಿಯಲ್ಲಿ. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಆಗಿದೆ, ವಿದ್ಯುದೀಕರಣವೂ ಆಗಿದೆ. ಬಾಗಲಕೋಟೆಯಿಂದ ಲೋಕಾಪುರ, ಮುಧೋಳ, ಜಮಖಂಡಿ ಸೀಮೆಯ ಮೂಲಕ ಕುಡಚಿಗೆ 142 ಕಿಲೋಮೀಟರ್ ಮಾರ್ಗ 2010–11ರಲ್ಲಿ ಮಂಜೂರಾಗಿ, ತುಂಡು ತುಂಡಾಗಿ ಮುಂದುವರಿದಿದೆ. ಜಮಖಂಡಿ, ರಬಕವಿ–ಬನಹಟ್ಟಿಯ ಜನ ಇನ್ನೂ ರೈಲು ಹತ್ತಲು ಕುಡಚಿಗೋ ಬಾಗಲಕೋಟೆಗೋ ಬಸ್ಸಿನಲ್ಲಿ ಹೋಗುತ್ತಾರೆ.